ಕೆಂಪು ಕಾರಿನ ಗಾಲಿಗೆ ಸಿಸ್ಟರ್ ಕಾವಲು

“ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ! ಗಾಲಿ ತಪಾಸಣಿ ನಡದೈತಿ!”

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಷಡ್ಡಕ ಡಾಕ್ಟರ್ ಗುರುಪಾದ ಹಂಚಿನಾಳ ತಮ್ಮ ಅಂಗಳದಲ್ಲಿ ಎರಡೂ ಕೈ ಚಾಚಿ ಹೀಗೆ ಕೂಗಿದರು. ನಾನು ಉಪ್ಪಿಟ್ಟಿನ ತಾಟಿನ ಸಮೇತ ಮೂರು ಹೆಜ್ಜೆ ಹಿಂದೆ ಸರಿದೆ. ಅವರ ಬೆನ್ನ ಹಿಂದೆ ಅವರ ಕೆಂಪು ಸ್ಪೋರ್ಟ್ಸ್ ಕಾರು ಹೊಳೆಯುತ್ತ ನಿಂತಿತ್ತು.

ಹುಬ್ಬಳ್ಳಿಯಲ್ಲಿ ಎಲುಬು ಮುರಿದುಕೊಂಡ ಯಾರನ್ನು ಕೇಳಿದರೂ ಹಂಚಿನಾಳ ಡಾಕ್ಟರ ಹೆಸರು ಹೇಳುತ್ತಾರೆ. ಮೂವತ್ತು ವರ್ಷ ಜನರ ಕೈಕಾಲು ಜೋಡಿಸಿದ ಈ ಮನುಷ್ಯನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರಿನ ಮೇಲೆ ಪ್ರೀತಿ ಹುಟ್ಟಿತು. ಎರಡೇ ಸೀಟು. ಒಳಗೆ ಕೂರಬೇಕಾದರೆ ಮೊದಲು ನೆಲಕ್ಕೆ ಕುಕ್ಕರಿಸಿ ಆಮೇಲೆ ಉರುಳಿಕೊಳ್ಳಬೇಕು, ಅಷ್ಟು ಕೆಳಗೆ. ಟೈರುಗಳಂತೂ ಚಪಾತಿಯಷ್ಟು ತೆಳು. ಗುಂಡಿಗೆ ಇಳಿದರೆ ಪೆಟ್ಟೆಲ್ಲ ನೇರವಾಗಿ ಒಳಗಿನ ರಿಮ್ಮಿಗೆ!

ಈಗ ಪ್ರತಿ ಗಾಲಿಯ ಪಕ್ಕದಲ್ಲೂ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಕಾರಿಗೇ ಅಂಟಿಕೊಂಡು ಕೂತಿತ್ತು. ಅದರಿಂದ ಪುಟ್ಟ ಸುತ್ತಿಗೆ ಹೊರಬಂದು ರಿಮ್ಮನ್ನು ಬಡಿಯಿತು. ಟಿಣ್! ಟಿಣ್! ಟಿಣ್ಣ್!

“ಕೇಳ್ರಿ ಈರಣ್ಣಾ, ಕೇಳ್ರಿ!” ಡಾಕ್ಟರು ಕಣ್ಣು ಮುಚ್ಚಿಕೊಂಡರು. “ರಿಮ್ ಅಂದ್ರ ಎಲುಬು. ಗಟ್ಟಿ ಇದ್ರ ಗಂಟಿ ಹೊಡದಂಗ ಕೇಳತೈತಿ. ಬಿರುಕು ಬಿಟ್ಟಿದ್ರ ಒಡದ ಗಡಗಿ ಬಡದಂಗ! ಸೊಟ್ಟ ಆಗಿದ್ರ ಸ್ಟೇರಿಂಗ್ ನಡಗತೈತಿ, ಸೀಳಿದ್ರ ಗಾಳಿ ಸಾವಕಾಶ ಇಳೀತೈತಿ. ಎಲ್ಲಾ ಇದಕ್ಕ ತಿಳೀತೈತಿ!”

ಅಷ್ಟರಲ್ಲಿ ಪೆಟ್ಟಿಗೆಯೇ ಮಾತಾಡಿತು. “ಮುಂದಿನ ಎಡಗಾಲಿ. ಮೂಳೆ ಸರಿ ಉಂಟು. ಗಾಳಿ ಸ್ವಲ್ಪ ಕಮ್ಮಿ. ಹೆದರ್ಲಿಕ್ಕೆ ಏನಿಲ್ಲ, ಆಯ್ತಾ?”

ನಾನು ಬೆಚ್ಚಿಬಿದ್ದೆ. ಅದು ಕೊರ್ನೇಲಿಯಾ ಸಿಸ್ಟರ್ ದನಿ! ಡಾಕ್ಟರ ಆಸ್ಪತ್ರೆಯ ಹೆಡ್ ನರ್ಸ್ ಅವರು, ಮಂಗಳೂರಿನ ಕಡೆಯವರು. ಆ ದನಿಗೆ ಹೆದರಿ ಕುಂಟರು ನೆಟ್ಟಗೆ ನಡೆದದ್ದನ್ನು ನಾನೇ ಕಂಡಿದ್ದೇನೆ.

“ಅವರ ದನಿ ಯಾಕ್ರೀ?” ಎಂದೆ.

“ಬ್ಯಾರೆ ಯಾರ ಮಾತೂ ರೋಗಿಗಳು ಕೇಳೂದಿಲ್ಲಲ್ಲ!”

ಇಷ್ಟು ಬರೀ ರೋಗಪರೀಕ್ಷೆ. ರೋಗ ಬಾರದಂತೆ ತಡೆಯುವ ಏರ್ಪಾಡು ಕಾರಿನ ಮೂತಿಯ ಕೆಳಗಿತ್ತು. ಅಲ್ಲೊಂದು ಕ್ಯಾಮರಾ, ಒಂದು ಕೊಳವೆ. ನೂರು ಅಡಿ ಮುಂದಿರುವ ಗುಂಡಿಯನ್ನು ಕ್ಯಾಮರಾ ಹಿಡಿದರೆ ಕೊಳವೆ ಅದಕ್ಕೆ ಪ್ಲಾಸ್ಟರ್ ಉಗುಳುತ್ತದೆ. ಸಾಮಾನ್ಯ ಪ್ಲಾಸ್ಟರ್ ಅಲ್ಲ. ಮುರಿದ ಕಾಲಿಗೆಂದು ಡಾಕ್ಟರೇ ಎಂಟು ವರ್ಷ ಕೂತು ಕಂಡುಹಿಡಿದದ್ದು. ಒಂದು ಚಮಚ ಹೊರಬಂದರೆ ಒಂದು ಬಕೆಟ್ಟಿನಷ್ಟು ಉಬ್ಬಿ, ಮೂರು ಸೆಕೆಂಡಿಗೆ ಕಲ್ಲಾಗುತ್ತದೆ.

ಅಂಗಳದಲ್ಲಿ ಅವರು ಮೊಣಕಾಲುದ್ದದ ಗುಂಡಿ ತೋಡಿಟ್ಟಿದ್ದರು. ಡಾಕ್ಟರು ಕಾರನ್ನು ಹೊರಗೊಯ್ದು ಗೇಟಿನಿಂದ ಒಳಗೆ ತಂದರು. ಪುಸ್ಸ್! ಗುಂಡಿ ಮಾಯ! ಕಾರು ಅದರ ಮೇಲೆ ಬೆಣ್ಣೆಯಂತೆ ಜಾರಿತು. ನಾನು ಉಪ್ಪಿಟ್ಟು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಇಂಥ ತಲೆಯಿರುವವರಿಗೆ ಷಡ್ಡಕನಾದ ಹೆಮ್ಮೆ ನನಗೆ ಮೊದಲಿಂದಲೂ ಇದೆ.

“ನನ್ನ ದಾಸವಾಳದ ಗಿಡ ಎಲ್ಲಿತ್ತೋ ಅಲ್ಲೇ ತೋಡೀರಲ್ರಿ ತಗ್ಗು!”

ಸುಮಂಗಲಕ್ಕ ಬಾಗಿಲಿಗೆ ಬಂದಿದ್ದರು. ನನ್ನ ಹೆಂಡತಿಯ ಅಕ್ಕ, ಡಾಕ್ಟರ ಮನೆಯವರು, ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರು. ಕನ್ನಡಕವನ್ನು ಹಣೆಗೆ ಏರಿಸಿದ್ದಾರೆಂದರೆ ತೀರ್ಪು ಆಗಲೇ ಬರೆದಾಗಿದೆ ಎಂದರ್ಥ.

“ಐದು ತಿಂಗಳದಾಗ ಮೂರು ಗಾಲಿ ಮುರದೀರಿ. ಸೋಮವಾರ ಬೆಳಗಾವಿಯವರು ಬಂದು ಈ ಕಾರ್ ತಗೊಂಡು ಹೋಗ್ತಾರ. ನಾ ಮಾತಾಡೇನಿ.”

ಡಾಕ್ಟರ ಮುಖ ಸುಣ್ಣದಂತಾಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟರು, ಮಗುವಿನ ತಲೆಯ ಮೇಲೆ ಇಡುವ ಹಾಗೆ. “ಸುಮಾ, ಒಂದೇ ಒಂದು ಅವಕಾಶ ಕೊಡು. ಇನ್ನ ಮ್ಯಾಲೆ ಗಾಲಿ ಮುರಿಯೂದಿಲ್ಲ.”

ಅಕ್ಕ ಬೆರಳೆತ್ತಿದರು. “ಆತು. ನಾಳೆ ಇಲ್ಲಿಂದ ಹಳೇ ಗಿರಣಿ ಕ್ರಾಸಿನ ದಸ್ತಗೀರಸಾಬನ ಟೈರ್ ಅಂಗಡಿ ತನಕ ಹೋಗ್ರಿ. ಐದು ಕಿಲೋಮೀಟರ್. ನಾಲ್ಕೂ ಗಾಲಿ ಗಟ್ಟಿ ಅದಾವ ಅಂತ ಅಂವ ಹೇಳಿದ್ರ ಕಾರು ನಿಮ್ಮದು. ಕೂದಲೆಳಿಯಷ್ಟು ಬಿರುಕಿದ್ರೂ ಬೆಳಗಾವಿಗೆ!”

ಭಾನುವಾರ ಬೆಳಿಗ್ಗೆ ಹೊರಟೆವು. ಕಾರಿನಲ್ಲಿ ಡಾಕ್ಟರು ಮತ್ತು ನಾನು. ಹಿಂದೆ ಸ್ಕೂಟರಿನ ಮೇಲೆ ಸುಮಂಗಲಕ್ಕ, ಅವರ ಬೆನ್ನಿಗೆ ನನ್ನ ಹೆಂಡತಿ ರೇಣುಕಾ.

ಮೊದಲ ಎರಡು ಕಿಲೋಮೀಟರ್ ನಾನು ಸಾಯುವವರೆಗೂ ಮರೆಯುವುದಿಲ್ಲ. ಪುಸ್ಸ್! ಒಂದು ಗುಂಡಿ ಹೋಯಿತು. ಪುಸ್ಸ್ ಪುಸ್ಸ್! ಇನ್ನೆರಡು ಹೋದವು. ರಸ್ತೆ ನಮ್ಮ ಮುಂದೆ ಮುರಿದಿತ್ತು, ನಮ್ಮ ಹಿಂದೆ ಕನ್ನಡಿಯಾಗಿತ್ತು! ಸುದ್ದಿ ಹೇಗೆ ಹಬ್ಬಿತೋ, ಹಿಂದೆ ಹದಿನೈದು ಆಟೋ, ಒಂದು ಹಾಲಿನ ವ್ಯಾನು, ಒಂದು ಎತ್ತಿನ ಗಾಡಿ ಸಾಲುಗಟ್ಟಿದವು. ಸೈರನ್ ಹೊಡೆಯುತ್ತ ಬಂದ ಆಂಬುಲೆನ್ಸೊಂದು ನಮ್ಮನ್ನು ದಾಟಿ ಹೋಗುವ ಬದಲು ಸಾಲಿನಲ್ಲೇ ನಿಂತಿತು. ಚಾಲಕ ತಲೆ ಹೊರಹಾಕಿ ಕೂಗಿದ. “ಸಾಹೇಬ್ರ, ನೀವ ಮುಂದ ನಡೀರಿ! ಒಳಗ ಬೆನ್ನೆಲುಬಿನ ಪೇಶೆಂಟ್ ಐತಿ, ಇವತ್ತ ಮೊದಲ ಸಲ ಒದರದಂಗ ಮಲಗೈತಿ!”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಸ್ಪತ್ರೆಯ ತಿರುವು ಬರುವವರೆಗೂ ಆಂಬುಲೆನ್ಸಿನ ಮುಂದೆ ಕಾರನ್ನು ಎಷ್ಟು ಜೋಪಾನವಾಗಿ ನಡೆಸಿದರೆಂದರೆ, ಹಿಂದೆ ಮಲಗಿದ್ದಾತ ಅವರ ಸ್ವಂತ ತಮ್ಮನೇನೋ ಎಂಬಂತೆ.

ಕಷ್ಟ ಶುರುವಾದದ್ದು ಚಹಾದಂಗಡಿಯ ಮುಂದೆ. ಕಟ್ಟೆಯ ಮೇಲೆ ಹನ್ನೆರಡು ಖಾಲಿ ಕಪ್ಪು ಸಾಲಾಗಿದ್ದವು.

“ಸಣ್ಣ ಸಣ್ಣ ಗುಂಡಿ ಹನ್ನೆರಡುಂಟು,” ಎಂದಿತು ಸಿಸ್ಟರ್ ದನಿ.

“ಅವು ಗುಂಡಿ ಅಲ್ಲ!” ಎಂದರು ಡಾಕ್ಟರು.

ಪುಸ್! ಹನ್ನೆರಡು ಸಲ! ಚಹಾದವನು ಕಪ್ಪು ಎತ್ತಲು ಹೋದರೆ ಕಟ್ಟೆಯೇ ಜೊತೆಗೆ ಬಂತು. ಮುಂದೆ ಒಬ್ಬ ಕೈಯಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ. ಪುಸ್ಸ್! ಅದರೊಳಗೆ ಇನ್ನು ಯಾವ ತಲೆಯೂ ಹೋಗದು.

“ಅಣ್ಣಾರ, ಬಂದ್ ಮಾಡೂ ಬಟನ್ ಎಲ್ಲೈತ್ರಿ?” ಎಂದೆ.

“ಬಟನ್ ಇಲ್ಲ! ಪ್ಲಾಸ್ಟರ್ ಹಾಕೂವಾಗ ರೋಗಿ ಕೈಯಾಗ ಬಟನ್ ಕೊಡ್ತಾರೇನ್ರಿ?” ಡಾಕ್ಟರು ಡ್ಯಾಶ್‌ಬೋರ್ಡಿಗೆ ಬಾಗಿ ಕೂಗಿದರು. “ಸಿಸ್ಟರ್, ಸಾಕು! ನಿಲ್ಲಸ್ರಿ!”

“ಎಲ್ಲ ಪೇಶೆಂಟೂ ಹಾಗೇ ಹೇಳುವುದು. ಅಲುಗಾಡ್ಬೇಡಿ.”

“ನಾನು ಡಾಕ್ಟರ್!”

“ಹಾಗೂ ಹೇಳ್ತಾರೆ.”

ಎದುರಿಗೆ ಮದುವೆಯ ಮೆರವಣಿಗೆ ಬಂತು. ಹಿತ್ತಾಳೆ ವಾದ್ಯಗಳ ಬಾಯಿಗಳೆಲ್ಲ ನಮ್ಮತ್ತ ತೆರೆದಿದ್ದವು! ನಾನು ಕಣ್ಣು ಮುಚ್ಚಿಕೊಂಡೆ. ಪುಸ್ಸ್ ಪುಸ್ಸ್ ಪುಸ್ಸ್! ಬ್ಯಾಂಡು ಅರ್ಧ ಹಾಡಿಗೆ ನಿಂತುಹೋಯಿತು. ಬ್ಯಾಂಡ್ ಮಾಸ್ತರ ಕೆನ್ನೆ ಉಬ್ಬಿಸಿ ಊದಿಯೇ ಊದಿದ, ಉಸಿರು ಹೊರಹೋಗಲು ದಾರಿಯಿಲ್ಲದೆ ಮೀಸೆ ನೆಟ್ಟಗಾಯಿತು. ಮದುಮಗ ಇದನ್ನು ಕಂಡು ನಕ್ಕ. ನಗಬಾರದಿತ್ತು. ಅವನ ಕೆನ್ನೆಯಲ್ಲಿ ಎರಡು ಚಂದದ ಗುಳಿಗಳಿದ್ದವು.

“ಇವರಿಗೆ ಚಿಕ್ಕದು ಎರಡುಂಟು,” ಎಂದು ಸಿಸ್ಟರ್ ಬಟಾಣಿಯಷ್ಟೇ ಪ್ಲಾಸ್ಟರನ್ನು ಎರಡು ಕಡೆ ಇಟ್ಟರು. ಅದರ ಅಳತೆ, ಗುರಿ ಎಷ್ಟು ನಿಖರವಾಗಿತ್ತೆಂದರೆ ಅಂಥ ಗಾಬರಿಯಲ್ಲೂ ನಾನು ಮನಸ್ಸಿನಲ್ಲೇ ಭೇಷ್ ಎಂದೆ.

ಪಕ್ಕಕ್ಕೆ ಸ್ಕೂಟರ್ ಬಂತು. “ಏನ್ರೀ ಇದು!” ಸುಮಂಗಲಕ್ಕ ಅಬ್ಬರಿಸಿದರು. “ಮಂದಿ ಮದುವಿ ಕೆಡಸಾಕ ಹೊಂಟೀರೇನು?”

“ಗಾಲಿ ಗಟ್ಟಿ ಅದಾವ ಸುಮಾ!”

“ಗಾಲಿ ಗಟ್ಟಿ, ತಲಿ ಸಡಲ!”

“ಅಕ್ಕಾ, ನಿನ್ನ ಡಿಕ್ಕಿ ಮುಚ್ಚ!” ಎಂದು ರೇಣುಕಾ ಚೀರುವುದರೊಳಗೆ ಸ್ಕೂಟರಿನ ಹ್ಯಾಂಡಲ್ ಕೆಳಗಿನ ತೆರೆದ ಡಿಕ್ಕಿಯೂ ಭರ್ತಿಯಾಯಿತು.

ಇನ್ನು ನಿಲ್ಲಿಸಿದರೂ ಸುತ್ತಲಿನ ಪಾತ್ರೆಪಗಡೆಗೆ ಗಂಡಾಂತರ. ಆದಷ್ಟು ಬೇಗ ಅಂಗಡಿ ಮುಟ್ಟುವುದೊಂದೇ ದಾರಿ. ಡಾಕ್ಟರು ಹಲ್ಲು ಕಚ್ಚಿ ಓಡಿಸಿದರು. ಹಳೇ ಗಿರಣಿ ಕ್ರಾಸ್ ಕಂಡಿತು. ರಸ್ತೆಯಾಚೆ ತನ್ನ ಟೈರುಗಳ ರಾಶಿಯ ಮುಂದೆ ದಸ್ತಗೀರಸಾಬ ಕೈ ಬೀಸುತ್ತಿದ್ದ. ನಡುವೆ ಉಳಿದದ್ದು ಐವತ್ತೇ ಅಡಿ. ಆ ಐವತ್ತು ಅಡಿಯ ನಟ್ಟನಡುವೆ ಯಾರೋ ಪೈಪಿಗೆಂದು ತೋಡಿ ಬಿಟ್ಟುಹೋದ ಹೊಂಡ, ನಾಲ್ಕೂ ದಿಕ್ಕಿಗೆ ಕಾಲುವೆಗಳು!

ಕಾರು ತಾನಾಗಿ ನಿಂತಿತು.

“ಅಯ್ಯೋ ದೇವರೇ,” ಎಂದಿತು ಸಿಸ್ಟರ್ ದನಿ. “ಇಷ್ಟು ದೊಡ್ಡ ಗಾಯ ಇಟ್ಕೊಂಡು ಇಷ್ಟು ದಿನ ಏನು ಮಾಡ್ತಿದ್ರಿ ಮಾರಾಯ್ರೆ?”

ಅದು ಪುಸ್ಸ್ ಅಲ್ಲ. ಭೋರ್ ಎಂಬ ಸದ್ದು! ಹೊಂಡ ತುಂಬಿತು, ಕಾಲುವೆಗಳು ತುಂಬಿದವು. ಕಾರು ಹೊಂಡದ ಮೇಲೆ ಸಾಗಿ ಸರಿಯಾಗಿ ಕ್ರಾಸಿನ ಮಧ್ಯಕ್ಕೆ ಬಂತು. ಡಾಕ್ಟರು ಗೆದ್ದೆನೆಂದು ಕೈ ಎತ್ತಿದರು. ಆಗ ನಾಲ್ಕೂ ಸುತ್ತಿಗೆಗಳು ಒಟ್ಟಿಗೆ ಬಡಿದವು.

“ನಾಲ್ಕು ಗಾಲಿಯೂ ಸರಿ ಉಂಟು. ಆದರೆ ಗಾಲಿಯ ಸುತ್ತ ನಾಲ್ಕು ಖಾಲಿ ಜಾಗ ಉಂಟು. ಇನ್ನು ಪೆಟ್ಟಾಗದ ಹಾಗೆ ಮಾಡಿಬಿಡುವಾ.”

“ಬ್ಯಾಡ! ಸಿಸ್ಟರ್, ಬ್ಯಾಡ! ಅದು ಗಾಲಿ ತಿರಗೂ ಜಾಗಾ!”

“ಪೂರ್ಣ ವಿಶ್ರಾಂತಿ,” ಎಂದಿತು ದನಿ, ಬಹಳ ಅಕ್ಕರೆಯಿಂದ.

ಬಿಳಿ ನೊರೆ ಗಾಲಿಗಳನ್ನು ಮುಚ್ಚಿತು, ಕಾರಿನ ಅಡಿಯನ್ನು ಮುಚ್ಚಿ ಅದನ್ನು ಮೇಲಕ್ಕೆತ್ತಿತು, ಹೊರಗೆ ಹರಿದು ದುಂಡಗೆ ಉಬ್ಬಿತು. ಮೂರು ಸೆಕೆಂಡ್. ಪ್ಲಾಸ್ಟರಿನ ಟಾಕಿ ಖಾಲಿಯಾಗಿ ಕೊಳವೆ ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾವಿಬ್ಬರೂ ಬಾಗಿಲು ತೆರೆದು ಹೊರಬಂದಾಗ ಎದೆಯೆತ್ತರದ ಬಿಳಿ ದಿಬ್ಬದ ಮೇಲೆ ನಿಂತಿದ್ದೆವು. ಸುತ್ತ ಇನ್ನೂರು ಜನ.

ಸುಮಂಗಲಕ್ಕ ದಿಬ್ಬ ಹತ್ತಿ ಬಂದರು. ಕನ್ನಡಕ ಹಣೆಯ ಮೇಲಿತ್ತು. ಡಾಕ್ಟರು ಅಪರಾಧಿಯಂತೆ ತಲೆ ತಗ್ಗಿಸಿದರು.

“ದಸ್ತಗೀರಸಾಬ,” ಎಂದರು ಅಕ್ಕ, “ಗಾಲಿ ನೋಡು.”

“ಎಲ್ಲಿ ನೋಡ್ಲಿ ಅಕ್ಕಾರ? ಗಾಲಿ ಕಾಣವಲ್ವು!”

“ನೋಡು ಅಂದ್ರ ನೋಡು. ನಾ ಮಾತು ಕೊಟ್ಟೇನಿ.”

ಪಾಪ, ದಸ್ತಗೀರಸಾಬ ಡ್ರಿಲ್ ತಂದ. ಏಳು ಮೊನೆ ಮುರಿದವು, ಎಂಟನೆಯದು ಒಳಗೆ ಇಳಿಯಿತು. ಸಂಜೆ ನಾಲ್ಕರ ಹೊತ್ತಿಗೆ ನಾಲ್ಕು ಗಾಲಿಗೆ ನಾಲ್ಕು ತೂತು ಆದವು. ಕಬ್ಬಿಣದ ಸರಳು ತೂರಿಸಿ, ತುದಿಗೆ ಕಿವಿಯಿಟ್ಟು, ನಟ್ಟು ಬಿಚ್ಚುವ ಪಾನಾದಿಂದ ಬಡಿದ. ಇಡೀ ಕ್ರಾಸ್ ಉಸಿರು ಹಿಡಿಯಿತು.

ಟಿಣ್ಣ್! ಟಿಣ್ಣ್! ಟಿಣ್ಣ್!

ನಾಲ್ಕನೆಯದಕ್ಕೆ ಅವನು ಬಹಳ ಹೊತ್ತು ತೆಗೆದುಕೊಂಡ. ಡಾಕ್ಟರು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಮುರಿದರೂ ಮುರಿಯಲಿ, ಜೋಡಿಸುವವರು ಇಲ್ಲೇ ಇದ್ದಾರೆಂದು ಸುಮ್ಮನಿದ್ದೆ.

ಟಿಣ್ಣ್!

“ನಾಲ್ಕೂ ಗಟ್ಟಿ ಅದಾವ್ರಿ!” ದಸ್ತಗೀರಸಾಬ ಎದ್ದು ನಿಂತ. “ಇಪ್ಪತ್ತೈದು ವರ್ಷದಾಗ ಇಷ್ಟ ಗಟ್ಟಿ ಗಾಲಿ ನೋಡಿಲ್ರಿ!”

ಆಟೋದವರು ಹಾರ್ನ್ ಹೊಡೆದು ಹಬ್ಬ ಮಾಡಿದರು. ಅಕ್ಕ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. ನಾವು ಬಂದ ದಾರಿಯತ್ತ ಒಮ್ಮೆ ನೋಡಿದರು. ಅಷ್ಟುದ್ದಕ್ಕೂ ಸ್ಕೂಟರುಗಳು ಒಂದೂ ಕುಲುಕದೆ ತೇಲಿ ಬರುತ್ತಿದ್ದವು.

“ಕಾರು ನಿಮ್ಮದು,” ಎಂದರು. ಆಮೇಲೆ ಮೆಲ್ಲಗೆ, ನನಗೆ ಕೇಳಿಸಬಾರದೆಂಬಂತೆ, “ಆ ಆಂಬುಲೆನ್ಸ್ ನಾನೂ ನೋಡಿದೆ. ಚೊಲೋ ಕೆಲಸ ಮಾಡೀರಿ,” ಎಂದು ಗಂಡನ ಅಂಗಿಗೆ ಮೆತ್ತಿದ್ದ ನೊರೆಯ ಚೂರನ್ನು ಕೆರೆದು ತೆಗೆಯಲು ನೋಡಿದರು. ಅದು ಬರಲಿಲ್ಲ.

ದಿಬ್ಬವನ್ನು ಒಡೆಯಲು ಎರಡು ದೊಡ್ಡ ಯಂತ್ರ ಬಂದವು, ಹಲ್ಲು ಕಳೆದುಕೊಂಡು ಹೋದವು. ಕೊನೆಗೆ ಯಾರೋ ದಿಬ್ಬದ ಅಂಚಿಗೆ ಕಪ್ಪು ಬಿಳಿ ಪಟ್ಟೆ ಬಳಿದರು, ಸುತ್ತ ಕ್ರೋಟನ್ ಗಿಡ ಇಟ್ಟರು. ಹಿಂದೆ ವಾಹನಗಳು ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದ ಆ ಕ್ರಾಸಿನಲ್ಲಿ ಈಗ ಎಲ್ಲವೂ ಕಾರನ್ನು ಸುತ್ತಿಕೊಂಡು ಸಲೀಸಾಗಿ ಹೋಗುತ್ತವೆ. ಡಾಕ್ಟರ ಆಸ್ಪತ್ರೆಗೆ ಗುಂಡಿಗೆ ಬಿದ್ದು ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ.

ದಿನಾ ಸಂಜೆ ಐದಕ್ಕೆ ಅವರು ಆಟೋದಲ್ಲಿ ಅಲ್ಲಿಗೆ ಹೋಗುತ್ತಾರೆ. ದಿಬ್ಬ ಹತ್ತಿ, ಗಾಜು ಒರೆಸಿ, ಒಳಗೆ ಉರುಳಿಕೊಂಡು, ಸ್ಟೇರಿಂಗ್ ಹಿಡಿದು ಅರ್ಧ ಗಂಟೆ ಕೂರುತ್ತಾರೆ. ಕೆಲವು ಸಲ ಪಕ್ಕದ ಸೀಟಿನಲ್ಲಿ ಸುಮಂಗಲಕ್ಕನೂ ಇರುತ್ತಾರೆ.

ಪಾರ್ಕಿಂಗ್ ಜಾಗಕ್ಕಾಗಿ ಪರದಾಡದ ಕಾರಿನ ಯಜಮಾನ, ನನಗೆ ತಿಳಿದಮಟ್ಟಿಗೆ, ಇಡೀ ಹುಬ್ಬಳ್ಳಿಗೆ ಅವರೊಬ್ಬರೇ.