ನಮ್ಮತ್ತೆಯೂ ನಪಾಸಾದ ಪಾಸ್ಟರುಗಳೂ

ನಮ್ಮತ್ತೆಗೆ ಹೆದರದ ಪಾಸ್ಟರು ಕೆ.ಜಿ.ಎಫ್.ನಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬರಿದ್ದಾರೆ ಎಂದು ಯಾರಾದರೂ ನಿಮಗೆ ಹೇಳಿದರೆ, ಆ ಪುಣ್ಯಾತ್ಮರು ಇನ್ನೂ ಅವಳ ಮನೆಯಲ್ಲಿ ಊಟಕ್ಕೆ ಕೂತಿಲ್ಲ ಎಂದೇ ಅರ್ಥ! ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಊರಿನ ಕೋರಮಂಡಲ್ ಭಾಗದ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಅವಳದೊಂದು, ಹಿಂದಿನ ಸಾಲಿನಲ್ಲಿ ನಮ್ಮದೊಂದು. ಅವಳ ಗಂಡ, ಅಂದರೆ ನಮ್ಮ ಮಾವ, ಗಣಿಯೊಳಗೆ ಕಲ್ಲು ಕೊರೆಯುತ್ತಿದ್ದವರು. ಗಣಿ ಮುಚ್ಚಿತು, ಕೆಲಸ ಹೋಯಿತು, ಎದೆಗೆ ಸೇರಿಕೊಂಡ ದೂಳು ಮಾತ್ರ ಹೋಗಲಿಲ್ಲ. ಅಂದಿನಿಂದ ನಮ್ಮೂರಿನಲ್ಲಿ ಧಾರಾಳವಾಗಿ ಬೆಳೆದದ್ದು ಎರಡೇ. ಒಂದು ಜಾಲಿಗಿಡ, ಇನ್ನೊಂದು ಪ್ರಾರ್ಥನಾ ಮಂದಿರ. ಜಾಲಿಯನ್ನು ಸವರುವುದಕ್ಕೆ ಬೇಕಾದಷ್ಟು ಜನ ಸಿಗುತ್ತಾರೆ. ಅಲ್ಲಿ ಉಪದೇಶ ಮಾಡುವ ಪ್ರಸಂಗಿಗಳನ್ನು ಸವರುವುದಕ್ಕೆ ನಮ್ಮತ್ತೆ ಒಬ್ಬಳೇ.

ಇವಳಿಗೆ ಸ್ವಂತದ್ದೊಂದು ಸಭೆ, ಅಂದರೆ ಚರ್ಚು, ಇಲ್ಲವೇ ಎಂದು ಕೇಳುತ್ತೀರಿ. ಇದೆ, ನಮ್ಮ ತಾತನ ಕಾಲದ್ದು. ಅಲ್ಲಿ ಬೆಳಗಿನ ಆರಾಧನೆ ಮುಗಿಸಿ, ಸೆರಗಿನಲ್ಲಿ ವೇದಪುಸ್ತಕ ಸುತ್ತಿಕೊಂಡು ಇನ್ನೊಂದು ಸಭೆಗೆ ತನಿಖೆಗೆ ಹೊರಡುತ್ತಾಳೆ. ತಮಿಳು ಸಭೆಯಾದರೂ ಸರಿ, ತೆಲುಗು ಸಭೆಯಾದರೂ ಸರಿ. ಸುಳ್ಳಿಗೆ ಎಲ್ಲಾ ಭಾಷೆಯೂ ಬರುತ್ತದೆ ಎನ್ನುತ್ತಾಳೆ. ಮೊದಲನೇ ಸಾಲಿನಲ್ಲೇ ಕೂರುತ್ತಾಳೆ. ಪ್ರಸಂಗಿ "ಎಲ್ಲರೂ ಗಟ್ಟಿಯಾಗಿ ಹಲ್ಲೆಲೂಯ ಹೇಳಿ" ಎಂದರೆ ಇವಳು ಬಾಯಿ ಬಿಡುವುದಿಲ್ಲ.

"ಯಾಕಮ್ಮಾ, ಸ್ತೋತ್ರ ಹೇಳಲ್ವಾ?"

"ನೀನಿನ್ನೂ ಏನೂ ಏಳೇ ಇಲ್ವಲ್ಲಪ್ಪ. ಬಡಿಸೋಕ್ ಮುಂಚೇನೇ ರುಚಿಯಾಗೈತೆ ಅಂತ ಎಂಗೆ ಏಳ್ಲಿ?"

ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಜೊತೆಗೆ ಹೋದ ನಾನು ಕಾಲಡಿಯ ಚಾಪೆ ನೋಡುತ್ತೇನೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಭೆಗೆ ಹೊಸ ಪ್ರಸಂಗಿ ಬಂದರೆ ಆರಾಧನೆಯಾದ ಮೇಲೆ ಯಾರಾದರೊಬ್ಬರು ಮನೆಗೆ ಕರೆದು ಊಟ ಹಾಕಬೇಕು. ಅತ್ತೆ ಈ ಸರದಿಯನ್ನು ಬೇರೆಯವರಿಂದ ಕಿತ್ತುಕೊಂಡಾದರೂ ತಾನೇ ಮಾಡುತ್ತಾಳೆ. ಎಂಥ ಭಕ್ತಿ ಎಂದುಕೊಂಡಿರಾ? ಭಕ್ತಿಯಲ್ಲ ಸ್ವಾಮಿ, ಬಲೆ! ರಾಗಿಮುದ್ದೆ, ಮಟನ್ ಸಾರು ಮುಂದಿಟ್ಟು, ಅವರು ಮೊದಲ ತುತ್ತನ್ನು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ ಕೂಡಲೇ ಪ್ರಶ್ನೆ ಶುರು ಮಾಡುತ್ತಾಳೆ. ಮುದ್ದೆ ನುಂಗುವಾಗ ಸುಳ್ಳು ಹೇಳಿದರೆ ಅದು ಗಂಟಲಲ್ಲೇ ನಿಂತುಬಿಡುತ್ತದೆ ಎನ್ನುವುದು ಅವಳ ಸಿದ್ಧಾಂತ.

ಒಮ್ಮೆ ಬೆಂಗಳೂರಿನಿಂದ ಕೋಟು ತೊಟ್ಟ ಪ್ರಸಂಗಿಯೊಬ್ಬರು ಬಂದಿದ್ದರು. ಪ್ರಸಂಗದ ತುಂಬಾ ಆಶೀರ್ವಾದವೇ ಆಶೀರ್ವಾದ. ಕಾರು ಬರುತ್ತದೆ, ಮನೆ ಬರುತ್ತದೆ, ವೀಸಾ ಬರುತ್ತದೆ! ಊಟಕ್ಕೆ ಕೂತವರು ಪಾಪ, ಮುದ್ದೆಯನ್ನು ಚಪಾತಿಯಂತೆ ಅಗಿಯತೊಡಗಿದರು.

"ಅಪ್ಪಾ, ಇವತ್ತು ಸಿಲುಬೆ ಎಲ್ಲೋಯ್ತು?" ಅತ್ತೆ ಸಾರು ಬಡಿಸುತ್ತಾ ಕೇಳಿದಳು.

"ಆಂಟಿ, ಜನ ಈಗಾಗಲೇ ನೋವಲ್ಲಿದ್ದಾರೆ. ನಾವು ಸ್ವಲ್ಪ ಪಾಸಿಟಿವ್ ಆಗಿ ಹೇಳಬೇಕು."

ಅವರು ಕೈತೊಳೆದು ಹೋದಮೇಲೆ ತೀರ್ಪು ಬಂತು. "ನುಂಗೋ ಮುದ್ದೇನ ಅಗೀತಾನೆ, ಅಗೀಬೇಕಾದ್ ವಾಕ್ಯಾನ ನುಂಗ್ತಾನೆ. ನಪಾಸು!"

ಮೂಲೆಯಲ್ಲಿ ಮೂಳೆ ಚೀಪುತ್ತಿದ್ದ ಮಾವ, "ಓಗ್ಲಿ ಬಿಡೇ. ಕೇಳೋಕೆ ಎಷ್ಟು ಚೆಂದಾಗಿತ್ತು" ಎಂದರು. ಮಾವ ಹಾಗೆಯೇ. ಅತ್ತೆ ಯಾರನ್ನೂ ನಂಬುವವಳಲ್ಲ, ಮಾವ ಎಲ್ಲರನ್ನೂ ನಂಬುವವರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಮನುಷ್ಯ ಇನ್ನೇನು ಮಾಡಬೇಕು? ಡಾಕ್ಟರು ವಾಸಿಯಾಗುವುದಿಲ್ಲ ಎಂದಿದ್ದರು. ಪ್ರಸಂಗಿಗಳು ಆಗುತ್ತದೆ ಎನ್ನುತ್ತಿದ್ದರು. ನೀವಾಗಿದ್ದರೆ ಯಾರ ಮಾತು ಕೇಳುತ್ತಿದ್ದಿರಿ?

ಇನ್ನೊಬ್ಬರು ಅಭಿಷೇಕದ ಎಣ್ಣೆಯವರು. ಚಿಕ್ಕ ಸೀಸೆ, ಮೇಲೆ ಅವರದೇ ಫೋಟೋ. ಮಾವ ಆಸೆಯಿಂದ ಒಂದು ಸೀಸೆ ತಂದು ದಿನಾ ಎದೆಗೆ ಉಜ್ಜಿಕೊಂಡರು. ಕೆಮ್ಮು ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಅತ್ತೆ ಸೀಸೆ ಮೂಸಿ ನೋಡಿ, ಕಡಲೆಕಾಯಿ ಎಣ್ಣೆ ಎಂದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ಒಲೆಯ ಮೇಲಿನ ಬಾಣಲೆಗೆ ಸುರಿದಳು. ಮುಂದಿನ ಭಾನುವಾರ ಆ ಸಭೆಯಲ್ಲಿ, "ಎಣ್ಣೆಯಿಂದ ಪ್ರಯೋಜನ ಪಡೆದವರು ಬಂದು ಸಾಕ್ಷಿ ಹೇಳಿ" ಎಂದು ಕರೆದರು. ಯಾರು ಎದ್ದರು ಹೇಳಿ ನೋಡೋಣ? ನಾನು ಸೀರೆ ಹಿಡಿದು ಎಳೆದರೂ ಕೇಳದೆ ಅತ್ತೆ ಮೈಕಿನ ಮುಂದೆ ನಿಂತಳು.

"ಎಲ್ಲಾರ್ಗೂ ಸ್ತೋತ್ರ. ನಮ್ಮೆಜಮಾನ್ರ ಎದೆಗೆ ಏನೂ ಆಗ್ಲಿಲ್ಲ. ಅವರೆಕಾಳು ಸಾರ್ಗೆ ಒಗ್ಗರಣೆ ಮಾತ್ರ ಬಲೇ ಚೆನ್ನಾಗಿ ಬಂತು. ಆಮೆನ್!"

ಆ ಸಭೆಯ ಬಾಗಿಲಿಗೆ ನಾವು ಮತ್ತೆ ಹೋಗಿಲ್ಲ.

ನಗುತ್ತಿದ್ದೀರಿ. ನಗಿ, ನಾವೂ ಆಗ ನಕ್ಕಿದ್ದೆವು. ಆದರೆ ಒಂದು ಭಾನುವಾರ ನಗು ನಿಂತುಹೋಯಿತು. ನಮ್ಮ ಸಾಲುಮನೆಗಳ ಹತ್ತಿರದ ಸಭೆಗೆ ಬಂದಿದ್ದ ಪ್ರವಾದಿಯೊಬ್ಬರು ಕಣ್ಣು ಮುಚ್ಚಿ, ಕೈ ಎತ್ತಿ, ನಡುಗುವ ದನಿಯಲ್ಲಿ ಸಾರಿದರು. "ಕರ್ತನು ನನಗೆ ತೋರಿಸಿದ್ದಾನೆ! ಈ ಗಣಿ ಮತ್ತೆ ತೆರೆಯುತ್ತದೆ! ಪಾಳಿಯ ಸೈರನ್ ಮತ್ತೆ ಕೂಗುತ್ತದೆ!" ಸಭೆಗೆ ಸಭೆಯೇ ಎದ್ದು ನಿಂತಿತು. ಹಳೇ ಗಣಿ ಕೆಲಸದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಾವ ಉಸಿರು ಸಾಲದಿದ್ದರೂ ಹಲ್ಲೆಲೂಯ ಎಂದು ಕೂಗಿದರು. ಬೇರೆ ಊರಿನಲ್ಲಿ ಇಂಥ ಪ್ರವಾದನೆ ನಡೆಯುವುದಿಲ್ಲ. ನಮ್ಮವರ ಎದೆಯ ಯಾವ ಜಾಗ ಮುಟ್ಟಿದರೆ ಕಣ್ಣೀರು ಬರುತ್ತದೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತೆ ಎದ್ದಳು. "ಅಯ್ಯನೋರೇ, ಸತ್ತೋರು ಎದ್ ಬತ್ತಾರೆ ಅಂತ ಬರ್ದೈತೆ, ನಂಬ್ತೀನಿ. ಗಣಿ ಎದ್ ಬತ್ತದೆ ಅಂತ ಎಲ್ ಬರ್ದೈತೆ ತೋರ್ಸಿ."

ಪ್ರವಾದಿ ತೋರಿಸಲಿಲ್ಲ. ಆದರೆ ಈ ಸಲ ಯಾರೂ ನಗಲೂ ಇಲ್ಲ. ಹಿಂದಿನ ಸಾಲಿನಿಂದ ಒಬ್ಬ ಮುದುಕ, "ಅಕ್ಕಾ, ಒಂದು ಬಾನುವಾರನಾದ್ರೂ ಸಂತೋಸವಾಗಿ ಇರೋಕೆ ಬಿಡಕ್ಕಾ" ಎಂದು ಅತ್ತುಬಿಟ್ಟ. ಮನೆಗೆ ಬರುವಾಗ ಮಾವ ಅವಳನ್ನು ಬಿಟ್ಟು ಆ ಮುದುಕನ ಹೆಗಲು ಹಿಡಿದು ನಡೆದರು.

ಅದಾದ ಕೆಲವು ವಾರಕ್ಕೆ ಗೋಡೆಗಳ ಮೇಲೆಲ್ಲ ಹೊಸ ಪೋಸ್ಟರು ಬಂತು. ಮಾರಿಕುಪ್ಪಂನಿಂದ ರೈಲು ಹತ್ತಿದರೆ ಬಂಗಾರಪೇಟೆಯವರೆಗೂ ಅದೇ. ಬಂಗಾರಪೇಟೆಯ ಬಯಲಿನಲ್ಲಿ ಸ್ವಸ್ಥತೆಯ ಮಹಾಕೂಟ! ಪ್ರಸಂಗಿಯ ಮುಖ ಆಳೆತ್ತರ, ಮೂಲೆಯಲ್ಲಿ ಯೇಸುವಿನ ಚಿತ್ರ ಹೆಬ್ಬೆರಳಿನಷ್ಟು. "ಯಾರ್ ಮೊಕ ದೊಡ್ಡದೋ ಸುವಾರ್ತೆ ಅವ್ರ್ದೇ" ಎಂದು ಅತ್ತೆ ಕೂಟ ನಡೆಯುವ ಮೊದಲೇ ನಪಾಸು ಮಾಡಿದಳು. ಮಾವ ಹಟ ಹಿಡಿದರು. ಕೊನೆಗೆ ಅವರನ್ನು ಒಬ್ಬರೇ ಕಳಿಸಲಾಗದೆ ನಾವಿಬ್ಬರೂ ಜೊತೆಗೆ ಹೊರಟೆವು.

ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರಮ್ಮು, ಕೀಬೋರ್ಡು, ಅಳು, ಕೂಗು. "ನಿಮ್ಮ ಕಾಯಿಲೆಯ ಗುರುತುಗಳನ್ನು ಬಿಸಾಡಿ! ವಿಶ್ವಾಸದಿಂದ ಬಿಸಾಡಿ!" ಎಂದು ಪ್ರಸಂಗಿ ಗರ್ಜಿಸಿದಾಗ ವೇದಿಕೆಯ ಕೆಳಗಿಟ್ಟಿದ್ದ ಬುಟ್ಟಿಗೆ ಕನ್ನಡಕ, ಊರುಗೋಲು, ಮಾತ್ರೆಯ ಪೊಟ್ಟಣಗಳು ಬೀಳತೊಡಗಿದವು. ನಾವು ಹಿಡಿಯುವಷ್ಟರಲ್ಲಿ ಮಾವ ನುಗ್ಗಿ ಹೋಗಿ ತಮ್ಮ ಉಸಿರಿನ ಪಂಪನ್ನು ಬುಟ್ಟಿಗೆ ಎಸೆದೇಬಿಟ್ಟರು. ಕೂಟದವರು ಅವರನ್ನು ವೇದಿಕೆಗೆ ಹತ್ತಿಸಿ ಆ ತುದಿಯಿಂದ ಈ ತುದಿಗೆ ನಡೆಸಿದರು. ಜನ ಚಪ್ಪಾಳೆ ತಟ್ಟಿದರು. ಮಾವನ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂದೂ ನೋಡಿರಲಿಲ್ಲ. ನಿಜಕ್ಕೂ ವಾಸಿಯಾಯಿತೇನೋ ಎಂದು ನಾನೂ ಒಂದು ಗಳಿಗೆ ನಂಬಿದೆ, ಅತ್ತೆಯೂ ನಂಬಿದಳು ಎಂದೇ ನನ್ನ ಅನುಮಾನ.

ವೇದಿಕೆಯ ಮೆಟ್ಟಿಲು ಇಳಿದವರೇ ಮಾವ ಕುಸಿದು ಕೂತರು. ತುಟಿ ನೀಲಿಯಾಗಿತ್ತು. ಅತ್ತೆ ಬುಟ್ಟಿಯತ್ತ ಓಡಿದಳು. ಬಿಲ್ಲೆ ತಗುಲಿಸಿಕೊಂಡ ಸೇವಕನೊಬ್ಬ ಅಡ್ಡ ನಿಂತ.

"ಅಮ್ಮಾ, ಬಿಸಾಡಿದ್ದನ್ನ ಮತ್ತೆ ಎತ್ಕೊಂಡ್ರೆ ಸೈತಾನನಿಗೆ ಬಾಗಿಲು ತೆರೆದ ಹಾಗೆ."

"ಬಾಗ್ಲಾಗೆ ನೀನೇ ನಿಂತಿದ್ದೀಯ. ಜರುಗಲೇ!"

ಅವಳು ಬುಟ್ಟಿಯನ್ನೇ ಮಗುಚಿ ಪಂಪು ಹುಡುಕಿ ತಂದಳು. ಮಾವ ಅದನ್ನು ಬಾಯಿಗಿಟ್ಟು ಎಳೆದುಕೊಳ್ಳುತ್ತಿರುವಾಗಲೇ ಯಾರೋ ಹೋಗಿ ಪ್ರಸಂಗಿಯ ಕಿವಿಯಲ್ಲಿ ಸುದ್ದಿ ಹೇಳಿದರು. ಲೌಡ್‌ಸ್ಪೀಕರಿನಲ್ಲಿ ಉತ್ತರ ಬಂತು. "ಯಾರಿಗೆ ವಿಶ್ವಾಸ ಸಾಲದೋ ಅವರಲ್ಲಿ ಸ್ವಸ್ಥತೆ ನಿಲ್ಲುವುದಿಲ್ಲ!" ಬಯಲಿನ ಜನವೆಲ್ಲ ಆಮೆನ್ ಎಂದಿತು. ಮಾವನ ಮುಖದ ಬೆಳಕು ಅಲ್ಲೇ ಆರಿತು.

ಮನೆಗೆ ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟ ಬೇಡ, ಮಾತು ಬೇಡ. ಆಗಾಗ ಒಂದೇ ಪ್ರಶ್ನೆ. "ಲೇ, ನಂಗೆ ಇಸ್ವಾಸ ಕಮ್ಮಿನೇನೇ? ದೇವ್ರು ಅದ್ಕೇ ನನ್ ಬಿಟ್ಟವ್ನೇನೇ?" ಸಾಯುವುದಕ್ಕೆ ಅವರಿಗೆ ಹೆದರಿಕೆಯಿರಲಿಲ್ಲ. ದೇವರಿಗೇ ಬೇಡವಾಗಿ ಸಾಯುತ್ತಿದ್ದೇನೆ ಎನ್ನುವುದು ಅವರನ್ನು ಕೊಲ್ಲುತ್ತಿತ್ತು.

ಪಾಸ್ಟರುಗಳು ಬಂದರು, ಅತ್ತೆ ನಪಾಸು ಮಾಡಿದವರೇ. ಒಬ್ಬರು, ಉಪವಾಸ ಮಾಡಿ ಎಂದರು. ಅನ್ನ ಮುಟ್ಟದೆ ಮಲಗಿದ ಮನುಷ್ಯನಿಗೆ ಉಪವಾಸ! ಇನ್ನೊಬ್ಬರು, ಒಪ್ಪಿಕೊಳ್ಳದ ಪಾಪ ಏನಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದರು. ನಮ್ಮ ಸ್ವಂತ ಸಭೆಯ ಅಯ್ಯನವರು ಒಳ್ಳೆಯವರು, ಪ್ರಾರ್ಥನೆ ಓದಿ, ಮದುವೆಗೆ ತಡವಾಯಿತೆಂದು ಹೊರಟರು. ಮಾವ ಯಾರ ಕಡೆಗೂ ತಿರುಗಲಿಲ್ಲ. ನಾನೂ ಆ ವಾರ ಸುವಾರ್ತೆ ಎಂಬ ಮಾತು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತಿದ್ದೆ. ಆಶ್ಚರ್ಯವೆಂದರೆ ಅತ್ತೆ ಯಾರನ್ನೂ ಏನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಸುಳ್ಳು ಯಾವ್ದು ಅಂತ ಊರ್ಗೆಲ್ಲಾ ಏಳ್ಕೊಂಡು ತಿರುಗ್ದೆ ಕಣಮ್ಮಿ. ನಿಜ ಏನು ಅಂತ ಮನೇಲಿರೋ ಮುದುಕನ್ಗೆ ಒಂದಿನನಾದ್ರೂ ಏಳಿದ್ನಾ?"

ಒಳಗಿನಿಂದ ಮಾವನ ಕೆಮ್ಮು ಕೇಳಿಸಿತು, ಹಿಂದೆಯೇ ಆ ಪ್ರಶ್ನೆ. ಅತ್ತೆ ಎದ್ದು ಹೋದಳು. ವೇದಪುಸ್ತಕ ಕಿಟಕಿಯಲ್ಲೇ ಇತ್ತು, ಅದನ್ನು ತೆಗೆದುಕೊಳ್ಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಮಾವನ ಬೆನ್ನಿನ ಮೇಲೆ ಕೈಯಿಟ್ಟಳು.

"ಯೋವ್, ಒಂದ್ ಮಾತು ಕೇಳ್ತೀನಿ. ಆ ಕಬ್ಬಿಣದ ಕೇಜ್‌ನಾಗೆ ನಿಂತ್ಕೊಂಡು ಗಣಿಯೊಳಕ್ಕೆ ಇಳೀತಿದ್ಯಲ್ಲ, ಬಯ ಆಗ್ತಿತ್ತಾ?"

ಗೋಡೆಗೇ ಹೇಳುವಂತೆ ಮಾವ ಹೇಳಿದರು. "ದಿನಾ ಆಗ್ತಿತ್ತು. ಕಣ್ಣು ಮುಚ್ಕೊಂಡೇ ಇಳೀತಿದ್ದೆ. ಯಾರ್ಗೂ ಏಳಿಲ್ಲ."

"ಬಯ ಪಟ್ಟೋನು ಅಂತ ಕೇಜ್ ಇಳಿಸೋ ರೋಪು ನಿನ್ನ ಕೈಬಿಡ್ತಾ?"

"ಇಲ್ಲ."

"ಪಕ್ಕದಾಗೆ ದೈರ್ಯವಾಗಿ ನಿಂತಿದ್ದೋನ್ನ ಜಾಸ್ತಿ ಗಟ್ಟಿಯಾಗಿ ಇಡ್ಕೊಳ್ತಾ?"

"ಎಲ್ಲಾರ್ನೂ ಒಂದೇ ತರ ಇಡ್ಕೊಳ್ತಿತ್ತು."

"ಅಂಗಾದ್ರೆ ಗಟ್ಟಿಯಾಗಿದ್ದಿದ್ದು ನೀನಾ, ರೋಪಾ?"

ಮಾವ ನಿಧಾನವಾಗಿ ಈ ಕಡೆ ತಿರುಗಿದರು. ಅಷ್ಟು ದಿನಗಳಲ್ಲಿ ಅವರ ಮುಖವನ್ನು ನಾವು ನೋಡಿದ್ದು ಆಗಲೇ. ಅತ್ತೆ ಅವರ ಕೈ ಹಿಡಿದುಕೊಂಡಳು.

"ಯೇಸಪ್ಪನೂ ಅಂಗೇ ಕಣಯ್ಯಾ. ನಿನ್ ಇಸ್ವಾಸ ನಿನ್ನ ಇಡ್ಕೊಂಡಿಲ್ಲ, ಅವ್ನು ಇಡ್ಕೊಂಡವ್ನೆ. ನಿಂಗೆ ಬಯ ಆದ್ರೆ ನಡುಗು. ಕಣ್ ಮುಚ್ಕೋಬೇಕು ಅನ್ಸಿದ್ರೆ ಮುಚ್ಕೋ. ಪರವಾಗಿಲ್ಲ."

ಮಾವ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಸೇರಿತು. ಅತ್ತೆ ಸೆರಗಿನಿಂದ ಒರೆಸಿದಳು, ಆಮೇಲೆ ತನ್ನದನ್ನೂ ಒರೆಸಿಕೊಂಡಳು. ನಾನು ಬಾಗಿಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಹುಟ್ಟಿದಾಗಿನಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ. ಇದು ನನಗೆ ಸಾಕು.

"ಅಲ್ ನಿಂತ್ಕೊಂಡ್ ಏನ್ ಅಳ್ತೀಯ? ಓಗಿ ಒಲೆ ಅಚ್ಚಿ ಗಂಜಿಗಿಡು" ಎಂದಳು ಅತ್ತೆ.

ಅದ್ಭುತವೇನೂ ನಡೆಯಲಿಲ್ಲ. ದೂಳು ಎದೆಯಲ್ಲೇ ಇತ್ತು, ಮುಂಗಾರು ಶುರುವಾಗುವ ಮೊದಲೇ ಮಾವ ಹೋದರು. ಕೊನೆಯ ಉಸಿರಿನವರೆಗೂ ಪಂಪು ಎಳೆದುಕೊಂಡರು, ಕೆಮ್ಮಿದರು, ನಡುಗಿದರು. ಆದರೆ ಆ ಪ್ರಶ್ನೆಯನ್ನು ಅವರು ಮತ್ತೆಂದೂ ಕೇಳಲಿಲ್ಲ.