ಲುಂಗಿ ಉಟ್ಟ ಅಕ್ಷರಗಳು

ಅಕ್ಷರಗಳಿಗೆ ಲುಂಗಿ ಉಡಿಸಿದವರು ಇಡೀ ಕಾಸರಗೋಡಿನಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ!

ನಂಬುವುದಿಲ್ಲವೇ? ಮೂವತ್ತು ವರ್ಷ ಕುಂಚ ಹಿಡಿದು ಅಂಗಡಿಗಳ ಬೋರ್ಡು ಬರೆದವರು, ತೊಂಬತ್ತರ ದಶಕದ ಕೊನೆಗೆ ಊರೆಲ್ಲ ಡಿಟಿಪಿ ಎನ್ನತೊಡಗಿದಾಗ ತಾವೂ ಒಂದು ಕಂಪ್ಯೂಟರ್ ತಂದಿಟ್ಟರು. ಅದರಲ್ಲಿ ಕೈಬರಹದ ಹಾಗೆ ಕಾಣುವ ಫಾಂಟೊಂದಿತ್ತು. ಮೊದಲ ದಿನವೇ ಅದರಲ್ಲಿ ನನ್ನ ಹೆಸರು ಹೊಡೆದು ತೋರಿಸಿ ತಮಾಷೆ ಮಾಡಿದರು.

“ನೋಡು ಲಿಲ್ಲಿ, ಒತ್ತು ಒಂದು ಬಿಟ್ಟರೆ ಎರಡು ‘ಲಿ’ಯೂ ಒಂದೇ ಅಚ್ಚು. ಮನುಷ್ಯನ ಕೈ ಹೀಗೆ ಬರೀತದಾ? ನಿನ್ನ ಮದುವೆ ಕಾಗದದ ಕವರಿಗೆ ಹೆಸರೆಲ್ಲ ನಾನೇ ಕೈಯಲ್ಲಿ ಬರೆಯುವುದು.”

ಆದರೆ ಮರುವರ್ಷ ಅದೇನಾಯಿತೋ, ಅದೇ ಫಾಂಟಿನ ಮೇಲೆ ಅವರಿಗೆ ವಿಪರೀತ ಮೋಹ ಹುಟ್ಟಿತು. ಹಪ್ಪಳದ ಕಟ್ಟಿಗೆ ಅದು, ಹೋಟೆಲಿನ ಮೆನುವಿಗೆ ಅದು, ‘ನಾಳೆ ರಜೆ’ ಎಂಬ ಚೀಟಿಗೂ ಅದೇ. ಕುಂಚ ಮೂಲೆ ಸೇರಿತು.

“ಬೇರೆ ಅಕ್ಷರ ಎಲ್ಲ ಇಸ್ತ್ರಿ ಹಾಕಿ ಆಫೀಸಿಗೆ ಹೊರಟದ್ದು,” ಎನ್ನುತ್ತಿದ್ದರು. “ಇದು ಲುಂಗಿ ಉಟ್ಟು ಜಗಲಿಯಲ್ಲಿ ಕೂತು, ಬನ್ನಿ, ಚಾ ಕುಡಿಯುವ ಅಂತ ಕರೀತದೆ.”

ನಾಯ್ಮಾರ್ಮೂಲೆಯ ವ್ಯಾಪಾರಿಯೊಬ್ಬರು ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಬೋರ್ಡು ಮಾಡಿಸಿಕೊಂಡು ಹೋದವರು ವಾರದಲ್ಲೇ ತಿರುಗಿ ಬಂದರು. “ಎಂತ ಮಾರಾಯ್ರೆ, ಇದನ್ನು ಹಾಕಿದ ಮೇಲೆ ಬೈಕು ಇಡುವವರು ಜಾಸ್ತಿ ಆಗಿದ್ದಾರೆ.”

“ಅದಕ್ಕೆ ಜೋರು ಮಾಡ್ಲಿಕ್ಕೆ ಬರುವುದಿಲ್ಲ, ಪಾಪದ ಅಕ್ಷರ,” ಎಂದು ಮಾವ ದಪ್ಪ, ನೆಟ್ಟಗಿನ ಅಕ್ಷರದಲ್ಲಿ ಬೇರೊಂದು ಮಾಡಿಕೊಟ್ಟರು. ಮನೆಯಲ್ಲಿ ನಾವು ಇದನ್ನು ಹೇಳಿಕೊಂಡು ಎಷ್ಟು ನಕ್ಕಿಲ್ಲ!

ನನ್ನ ಮದುವೆ ನಿಶ್ಚಯವಾಯಿತು. ಕವರುಗಳು ಎಲ್ಲಿಯವರೆಗೆ ಬಂದವೆಂದು ನೋಡಲು ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ಮಾವ ನನ್ನನ್ನು ಗಮನಿಸಲಿಲ್ಲ. ಅವರ ಬಲಗೈ ಮಡಿಲಲ್ಲಿ ಬಿದ್ದುಕೊಂಡು ಒಂದೇ ಸಮ ನಡುಗುತ್ತಿತ್ತು. ಎಡಗೈಯಲ್ಲಿ ಮೌಸ್. ಪರದೆಯ ಮೇಲೆ ನಮ್ಮ ನೆಂಟರ ಹೆಸರು, ಅದೇ ಫಾಂಟಿನಲ್ಲಿ. ಒಂದೊಂದೇ ಅಕ್ಷರವನ್ನು ಹಿಡಿದು ಚೂರು ಓರೆ ಮಾಡುತ್ತಿದ್ದರು, ಚೂರು ಕೆಳಗಿಳಿಸುತ್ತಿದ್ದರು. ಕೈಯಲ್ಲೇ ಬರೆದದ್ದೆಂದು ಜನ ನಂಬಬೇಕಲ್ಲ! ಒಂದು ಹೆಸರಿಗೆ ಕಾಲು ಗಂಟೆ ಹಿಡಿಯುತ್ತಿತ್ತು.

“ಯಾವಾಗಿನಿಂದ ಮಾವ?” ಎಂದೆ.

ಬೆಚ್ಚಿ ತಿರುಗಿದರು. “ಎರಡು ವರ್ಷ ಆಯ್ತು. ಯಾರಿಗೂ ಹೇಳ್ಬೇಡ. ಬೋರ್ಡು ಬರೆದವನ ಕೈ...” ಬಲಗೈಯನ್ನು ಮೇಜಿನ ಕೆಳಗೆ ಸರಿಸಿದರು.

ನಕ್ಕದ್ದಕ್ಕೆಲ್ಲ ನಾಚಿಕೆಯಾಯಿತು. ಖಾಲಿ ಕವರೊಂದನ್ನು ಅವರ ಮುಂದಿಟ್ಟೆ. “ಉಳಿದದ್ದು ಹೀಗೇ ಇರಲಿ. ಇದೊಂದರಲ್ಲಿ ನನ್ನ ಹೆಸರು ಕೈಯಲ್ಲಿ ಬರೆಯಿರಿ.”

“ಹಾಳಾಗ್ತದೆ.”

“ಆಗಲಿ.”

ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಬರೆದರು. ಆ ಕವರು ಇವತ್ತಿಗೂ ನನ್ನ ಬಳಿ ಇದೆ. ಎರಡು ‘ಲಿ’ಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ.