ಐದು ನಿಮಿಷದ ಕಸರತ್ತು

ಮೈ ಬಗ್ಗಿಸಿ ದುಡಿಯಿರಿ ಎಂದು ಹೇಳುವ ಅಧಿಕಾರ ಸಾಮಾನ್ಯವಾಗಿ ಮೈ ಬಗ್ಗದವರ ಕೈಗೇ ಬರುತ್ತದೆ. ಲಗ್ಗೆರೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ವಿಚ್ಚುಗಳನ್ನು ಡಬ್ಬಿಗೆ ತುಂಬುವ ಹೆಂಗಸರಿಗೆ ನಾನು ಸೂಪರ್‌ವೈಸರ್. ಅವರ ಕೈ ದಿನವಿಡೀ ಆಡುತ್ತದೆ. ನನ್ನದು ಊಟದ ಹೊತ್ತಿಗೆ ಮಾತ್ರ. ನನ್ನ ಹೊಟ್ಟೆಯನ್ನು ನನಗಿಂತ ಮೊದಲು ಬಾಗಿಲೊಳಗೆ ಬರುವ ನೆಂಟ ಎಂದು ಹೆಂಡತಿ ಕರೆಯುತ್ತಾಳೆ. ಇಂಥವನ ತಲೆಗೆ ಮಾಲೀಕರು ಒಂದು ಹೊಸ ಕೆಲಸ ಕಟ್ಟಿದರು. ಕೈಕೆಲಸದ ನಡುವೆ ಹಗುರವಾದ ವ್ಯಾಯಾಮ ಮಾಡಿದರೆ ದಣಿವು ಇಳಿದು ಕೆಲಸ ಚುರುಕಾಗುತ್ತದೆಂದು ಅವರು ಎಲ್ಲೋ ಕೇಳಿಕೊಂಡು ಬಂದಿದ್ದರು. ಬೆಳಗಿನ ಟೀ ಆದಮೇಲೆ ಐದು ನಿಮಿಷ. ಮುಂದೆ ನಿಂತು ಮಾಡಿಸುವವನು ನಾನು.

ಮೊದಲ ದಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಅವರಿಗೆ ಅದು ಒಗ್ಗಿತು. ಕತ್ತುನೋವೆಂದು ಮುಲಾಮಿನ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಿದ್ದ ಹಿರಿಯರಾದ ಶಾರದಮ್ಮ ಅದನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು. ಮಧ್ಯಾಹ್ನದ ತೂಕಡಿಕೆ ಹೋಯಿತು, ಬೆರಳುಗಳು ಚುರುಕಾದವು. ಕೆಟ್ಟಿದ್ದು ನನ್ನ ಮೈ ಮಾತ್ರ. ಕೈ ಮೇಲೆತ್ತಿದರೆ ಎದೆ ಡವಡವ, ಇಳಿಸಿದರೆ ಏದುಸಿರು. ಅವರು ಕೆಲಸಕ್ಕೆ ಕೂತರೆ ನಾನು ಸುಧಾರಿಸಿಕೊಳ್ಳಲು ಕೂರುತ್ತಿದ್ದೆ. ಇದನ್ನು ನಿಲ್ಲಿಸಿದರೆ ಸಾಕೆಂದು ಹಾರೈಸುತ್ತಿರುವಾಗಲೇ, ಮಾಲೀಕರು ಶನಿವಾರ ಬಂದು ನೋಡುತ್ತಾರೆ, ಸರಿಕಾಣದಿದ್ದರೆ ನಿಲ್ಲಿಸಿಬಿಡುತ್ತಾರೆ ಎಂಬ ಸುದ್ದಿ ಬಂತು. ಶಾರದಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸಾರ್, ಇಡೀ ದಿನದಲ್ಲಿ ನಮ್ ಮೈ ನಮ್ದು ಅನ್ಸೋದು ಅದೊಂದ್ ಐದು ನಿಮಿಷ. ಕೆಡಿಸ್ಬೇಡಿ."

ನನಗೆ ನಾಚಿಕೆಯೂ ಆಯಿತು, ಭಯವೂ ಆಯಿತು.

ಶನಿವಾರ ಎಲ್ಲಿಲ್ಲದ ಹುಮ್ಮಸ್ಸಿನಿಂದ, ಬಾಗಿಲಿಗೆ ಮುಖ ಮಾಡಿ ನಿಂತು, ಕಾಲ್ಬೆರಳು ಮುಟ್ಟಲು ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದೆ. ನಾನು ಏಳುವ ತನಕ ಯಾರೂ ಏಳಬಾರದೆಂದು ನಾನೇ ಕಟ್ಟಳೆ ಮಾಡಿದ್ದರಿಂದ ಹಿಂದಿದ್ದ ಹೆಂಗಸರೆಲ್ಲ ಹಾಗೇ ಬಗ್ಗಿ ನಿಂತರು. ಅಷ್ಟರಲ್ಲಿ ನನ್ನ ಕಣ್ಣೆದುರು ಮಾಲೀಕರ ಬೂಟು ಕಾಣಿಸಿತು.

"ಅಯ್ಯೋ, ಇದೆಲ್ಲ ಯಾಕ್ರೀ? ಕಾಲಿಗೆ ಬೀಳೋ ಅಷ್ಟು ದೊಡ್ಡೋನಾ ನಾನು?" ಎಂದರು. ದನಿ ಗದ್ಗದವಾಗಿತ್ತು. ವ್ಯಾಯಾಮ ಹೀಗೇ ನಡೆಯಲಿ ಎಂದು ಹೇಳಿ, ಕಣ್ಣೊರೆಸಿಕೊಂಡು ಹೊರಟುಹೋದರು.

ಅವರ ಕಾರು ತಿರುಗಿದ ಮೇಲೆ ಶಾರದಮ್ಮ ಇನ್ನಿಬ್ಬರನ್ನು ಕರೆದು ನನ್ನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದರು. ಈಗ ವ್ಯಾಯಾಮ ಮಾಡಿಸುವುದು ಶಾರದಮ್ಮನವರೇ. ಇಷ್ಟು ವರ್ಷ ನನ್ನಲ್ಲಿ ಏನನ್ನೂ ಮೆಚ್ಚದ ಮಾಲೀಕರು ಬಂದವರಿಗೆಲ್ಲ ನನ್ನನ್ನು ತೋರಿಸಿ, ಇಂಥ ವಿನಯವಂತ ಎಲ್ಲೂ ಸಿಗುವುದಿಲ್ಲ ಎನ್ನುತ್ತಾರೆ. ಹೊಗಳಿಕೆ ಕೇಳಿ ತುಸು ಬಾಗೋಣವೆಂದರೆ, ಡಾಕ್ಟರು ಸೊಂಟಕ್ಕೆ ಕಟ್ಟಿಸಿದ ಬೆಲ್ಟು ಬಿಡುವುದಿಲ್ಲ; ಎದೆ ಸೆಟೆಸಿಕೊಂಡು ಕೂತೇ ಇರುತ್ತೇನೆ.